ಅತ್ತೆಯ ಅಲೆಮಾರಿ ನೋವು

ನಮ್ಮ ಟೇಲರ್ ಅತ್ತೆಯನ್ನು ಹೇಗಿದ್ದೀಯೆಂದು ಮಾತ್ರ ಕೇಳಬಾರದು. ಕೇಳಿದರೆ ಮುಗಿಯಿತು; ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ನಿನ್ನೆ ಸೊಂಟದಲ್ಲಿತ್ತು, ಇವತ್ತು ಭುಜಕ್ಕೆ ಬಂದು ಕೂತಿದೆ" ಎಂದು ಮನೆಗೆ ಬಂದ ನೆಂಟರ ಸುದ್ದಿಯಂತೆ ನೋವಿನ ಸುದ್ದಿ ಹೇಳುತ್ತಾಳೆ. ರಕ್ತ ಪರೀಕ್ಷೆಯವರು, ಸ್ಕ್ಯಾನಿಂಗಿನವರು ಎಲ್ಲರೂ ಅವಳ ಗಿರಾಕಿಗಳು. ಅವಳು ಅವರ ಗಿರಾಕಿ. ರಿಪೋರ್ಟಿನಲ್ಲಿ "ನಾರ್ಮಲ್" ಎಂದಿದ್ದರೆ ಫೇಲಾದ ಮಗುವಿನಂತೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ಅತ್ತೆಯ ಅಮ್ಮ, ನಮ್ಮಜ್ಜಿಗೂ ಹೀಗೇ ನೋವಿತ್ತಂತೆ; ಕೆಲವು ದಿನ ಮಂಕಾಗಿ, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳಂತೆ. "ಬೇರೆಯವರಿಗೆ ಅಮ್ಮನ ಬಳೆ ಬರುತ್ತೆ, ನನಗೆ ಇದು ಬಂತು" ಎಂದು ಅತ್ತೆ ನಗುತ್ತಾಳೆ, ನಾವೂ ನಗುತ್ತೇವೆ. ಕೊನೆಗೊಮ್ಮೆ ಹೋಗಿ ತೋರಿಸಿದ ಮನಸ್ಸಿನ ಡಾಕ್ಟರು, "ಇಂಥ ನೋವು, ಇಂಥ ಮಂಕು, ಕೆಲವು ಮನೆಗಳಲ್ಲಿ ಜೊತೆಜೊತೆಗೇ ರಕ್ತದಲ್ಲಿ ಬರುತ್ತಮ್ಮ" ಎಂದಾಗ ಅವಳು ಕೇಳಿದ್ದು ಒಂದೇ: "ಹಾಗಾದ್ರೆ ನಾನು ನಾಟಕ ಆಡ್ತಿಲ್ಲ ತಾನೆ?" "ಖಂಡಿತ ಇಲ್ಲ" ಎಂದರು ಅವರು. ಅತ್ತೆ ಅಲ್ಲೇ ಕೂತು ಅವರ ಕೋಟಿನ ಸಡಿಲ ಗುಂಡಿಯನ್ನು ಬಿಗಿಯಾಗಿ ಹೊಲಿದುಕೊಟ್ಟು ಬಂದಳು. ಮೊನ್ನೆ ನಮ್ಮಣ್ಣನ ಮಗಳು ಹೊಟ್ಟೆನೋವೆಂದು ಶಾಲೆಗೆ ಹೋಗದೆ ಮೂಲೆಯಲ್ಲಿ ಮುದುಡಿ ಕೂತಳು. ಪರೀಕ್ಷೆಯೆಲ್ಲ ನಾರ್ಮಲ್. "ಏನೂ ಇಲ್ವಂತೆ, ಏಳು ಮೇಲೆ!" ಎಂದು ಅಣ್ಣ ರೇಗಿದ. ಅತ್ತೆ ಹೊಲಿಗೆ ಯಂತ್ರ ನಿಲ್ಲಿಸಿ, ಹುಡುಗಿಯ ಪಕ್ಕ ನೆಲದ ಮೇಲೆ ಕೂತು, ಇಷ್ಟು ವರ್ಷದಲ್ಲಿ ನಾವ್ಯಾರೂ ತನಗೆ ಹೇಳದಿದ್ದ ಮಾತನ್ನು ಹೇಳಿದಳು: "ಎಲ್ಲಿ ನೋಯುತ್ತೆ ಪುಟ್ಟಾ, ತೋರಿಸು."