ತಪ್ಪೆಲ್ಲ ತುದಿಯದೇ

ನಮ್ಮ ಬೀದಿಯಲ್ಲಿ ನನಗೊಂದು ಕೆಟ್ಟ ಹೆಸರಿತ್ತು. ವಾಚ್ ರಿಪೇರಿಯವರ ಹೆಂಡತಿಗೆ ಸ್ಕ್ರೂಡ್ರೈವರಿನ ತುದಿ ನೆಟ್ಟಗೆ ಉಜ್ಜಲು ಬರುವುದಿಲ್ಲ, ಅದಕ್ಕೇ ಆ ಮನುಷ್ಯನ ಕೆಲಸವೆಲ್ಲ ಕೆಡುತ್ತಿದೆ ಎಂದು. ಈ ಹೆಸರನ್ನು ನನಗೆ ಸಂಪಾದಿಸಿಕೊಟ್ಟವರು ಬೇರೆ ಯಾರೂ ಅಲ್ಲ, ನನ್ನ ಗಂಡನೇ. ನಾನು ಸುಮ್ಮನಿರುವ ಜಾತಿಯ ಹೆಂಗಸಲ್ಲ. ತರಕಾರಿ ಗಾಡಿಯವನು ಒಂದು ಕೊಳೆತ ಟೊಮೇಟೊ ಹಾಕಿದರೂ ಗೇಟಿನಿಂದಾಚೆ ಬಿಟ್ಟವಳಲ್ಲ. ಆದರೂ ಆ ಹೆಸರನ್ನು ಒಂದು ಮಾತೂ ಎದುರಾಡದೆ ವರ್ಷಗಟ್ಟಲೆ ಹೊತ್ತುಕೊಂಡು ತಿರುಗಿದೆ.

ಮನೆ ಸಂಜಯನಗರದಲ್ಲಿ, ಅಂಗಡಿ ಆರ್.ಟಿ. ನಗರದಲ್ಲಿ. ಅಂಗಡಿ ಎಂದು ಕರೆಯುತ್ತಿದ್ದೆವು ಅಷ್ಟೆ. ಬಳೆ ಅಂಗಡಿಗೂ ಮೆಡಿಕಲ್ ಸ್ಟೋರಿಗೂ ನಡುವೆ ಸಿಕ್ಕಿಕೊಂಡ, ಒಬ್ಬರು ಕೂತರೆ ಇನ್ನೊಬ್ಬರು ಪಕ್ಕಕ್ಕೆ ತಿರುಗಿ ನಿಲ್ಲಬೇಕಾದ ಜಾಗ ಅದು. ಒಂದು ಮೇಜು, ಅದರ ಮೇಲೊಂದು ಬಗ್ಗಿಸುವ ದೀಪ, ಗಾಜಿನ ಪೆಟ್ಟಿಗೆ, ಗಿರಾಕಿಗೊಂದು ಸ್ಟೂಲು, ಅರ್ಧ ತುಕ್ಕು ಹಿಡಿದ ಷಟರ್. ಇವರು ಮದುವೆಗೆ ಮುಂಚಿನಿಂದಲೂ ಅಲ್ಲೇ ಕೂತು ವಾಚು ಬಿಚ್ಚಿ ಜೋಡಿಸುತ್ತಿದ್ದರು. ಬೇರೆ ಕೆಲಸ ಇವರಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಮನೆಯಲ್ಲಿ ಬಲ್ಬು ಬದಲಾಯಿಸಬೇಕಾದರೂ ನಾನೇ ಕುರ್ಚಿ ಹತ್ತಬೇಕಿತ್ತು.

ಅಂಗಡಿಯ ಸ್ಕ್ರೂಡ್ರೈವರುಗಳನ್ನು ನನಗೆ ಮುಟ್ಟಲು ಬಿಟ್ಟವರಲ್ಲ. ಬೆರಳುದ್ದದ ಸಣ್ಣ ಸ್ಕ್ರೂಡ್ರೈವರುಗಳು, ಒಂದೊಂದರ ಕುತ್ತಿಗೆಗೂ ಒಂದೊಂದು ಬಣ್ಣದ ಪಟ್ಟಿ, ಕೆಳಗಿನ ಕಡ್ಡಿ ತಿರುಗಿದರೂ ತೋರುಬೆರಳಿನಡಿ ತಿರುಗದೆ ನಿಲ್ಲುವ ತಲೆ. ಮಗಳು ಮದುವೆಯಾಗಿ ಯಲಹಂಕಕ್ಕೆ ಹೋದ ವರ್ಷ, ಒಂದು ಭಾನುವಾರ, ಅವನ್ನು ಟವೆಲಿನಲ್ಲಿ ಸುತ್ತಿ ಮನೆಗೆ ತಂದರು. ಜೊತೆಗೆ ಸಾಣೆಕಲ್ಲು, ಎಣ್ಣೆಯ ಪುಟ್ಟ ಶೀಷೆ. ಕಣ್ಣು ಬೇಗ ದಣಿಯುತ್ತದೆ, ಇನ್ನು ಮುಂದೆ ತುದಿ ಉಜ್ಜುವುದು ನಿನ್ನ ಕೆಲಸ ಅಂದರು. ನನಗೆ ಒಳಗೊಳಗೇ ಹಿಗ್ಗು.

ಹರಿತ ಮಾಡುವುದು ಎಂದರೆ ನನಗೆ ಗೊತ್ತಿದ್ದದ್ದು ಈಳಿಗೆಮಣೆ. ಅದೇ ಲೆಕ್ಕದಲ್ಲಿ ತಿಕ್ಕಿ ತಿಕ್ಕಿ ತಂದು ತೋರಿಸಿದೆ. ಇವರು ಲೆನ್ಸು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, "ಭೇಷ್, ಇದ್ರಲ್ಲಿ ಬದನೇಕಾಯಿ ಹೆಚ್ಬಹುದು" ಅಂದರು. ತುದಿ ಚಾಕುವಿನ ಹಾಗೆ ಇರಬಾರದಂತೆ. ಎರಡೂ ಮೈ ಒಂದೇ ಸಮ ಇಳಿದು ಬಂದು, ಕೊನೆಯಲ್ಲಿ ಕೂದಲಿನಷ್ಟು ದಪ್ಪ ಉಳಿಯಬೇಕು, ಆ ಕೊನೆ ಚಪ್ಪಟೆಯಾಗಿರಬೇಕು. ಸ್ಕ್ರೂ ತಲೆಯ ಗೀರಿನಲ್ಲಿ ಅಲ್ಲಾಡದೆ ಕೂರಬೇಕು. ತೆಳುವಾದರೆ ಮುರಿಯುತ್ತದೆ, ದಪ್ಪವಾದರೆ ಇಳಿಯುವುದಿಲ್ಲ, ಒಂದು ಮೈ ಹೆಚ್ಚು ಸವೆದರೆ ಜಾರುತ್ತದೆ. ಜಾರಿದ ತುದಿ ವಾಚಿನೊಳಗೆ ಎಲ್ಲಿಗೆ ಹೋಗಿ ಚುಚ್ಚುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಸ್ಕ್ರೂಡ್ರೈವರ್ ಜಾರಿತು ಎಂದರೆ ಮೊದಲು ನೋಡಬೇಕಾದದ್ದು ತುದಿಯನ್ನು. ಈ ಮಾತನ್ನು ಇವರು ನನಗೆ ಆವತ್ತು ಎರಡು ಸಲ ಹೇಳಿದರು.

ಕಲಿಯಲು ನನಗೆ ಕೆಲವು ತಿಂಗಳು ಹಿಡಿಯಿತು. ಕಲ್ಲಿನ ಮೇಲೆ ಒಂದು ತೊಟ್ಟು ಎಣ್ಣೆ, ಬ್ಲೇಡನ್ನು ಅದೇ ಕೋನದಲ್ಲಿ ಹಿಡಿದು ನನ್ನ ಕಡೆಗೆ ಎಳೆಯುವುದು, ತಿರುವಿ ಅಷ್ಟೇ ಸಲ ಇನ್ನೊಂದು ಮೈ. ಮಣಿಕಟ್ಟು ಆಡಬಾರದು, ಆಡಿದರೆ ತುದಿ ಗುಂಡಗಾಗುತ್ತದೆ. ಬೆರಳು ಒತ್ತುವ ತಲೆಯ ಬುಡಕ್ಕೆ ಸೂಜಿಮೊನೆಯಷ್ಟು ಎಣ್ಣೆ. ಬೆಳಗಿನ ಅಡುಗೆ ಮುಗಿಸಿ ಕಿಟಕಿಯ ಬಳಿ ಕೂತು ಈ ಕೆಲಸ ಮಾಡುವಾಗ ನನಗೆ ಯಾರ ಮೇಲೂ ಸಿಟ್ಟು ಇರುತ್ತಿರಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ವಿಷಯ.

ಆಮೇಲೆ ದೂರು ಶುರುವಾಯಿತು. ಹಳದಿ ಪಟ್ಟಿಯದು ಜಾರಿತು, ಏನು ಉಜ್ಜಿದ್ದೀಯ. ಮರುವಾರ ಕೆಂಪು ಪಟ್ಟಿಯದು. ನಾನು ಮುಖ ಊದಿಸಿಕೊಂಡು ಮತ್ತೆ ಕಲ್ಲು ಹಿಡಿಯುತ್ತಿದ್ದೆ. ದೂರು ನಿಲ್ಲಲಿಲ್ಲ. ನನ್ನ ಕೈಯ ಮೇಲೆ ನನಗೇ ಅನುಮಾನ ಬಂತು. ಒಂದು ಬೆಳಿಗ್ಗೆ ಇವರು ಸ್ನಾನಕ್ಕೆ ಹೋಗಿದ್ದಾಗ, ಮನೆಯಲ್ಲಿದ್ದ ಒಂದು ಕೆಟ್ಟ ವಾಚಿನ ಸ್ಕ್ರೂಗೆ ಆ ಕೆಂಪು ಪಟ್ಟಿಯದನ್ನು ಹಾಕಿ ನೋಡಿದೆ. ಗೀರಿನಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ವಾಚಿನ ಕೆಲಸವೇ ಗೊತ್ತಿಲ್ಲದ ನಾನು ಸ್ಕ್ರೂ ಬಿಚ್ಚಿದೆ, ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಎಲ್ಲೂ ಜಾರಲಿಲ್ಲ.

ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟೆ. ಕಾಫಿ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡ ಎಂದು ಇವರು ಯಾಕೆ ಹೇಳುತ್ತಿದ್ದರು, ಶರಟಿನ ಗುಂಡಿ ಹಾಕಿಕೊಳ್ಳಲು ಯಾಕೆ ಒಳಗಿನ ಕೋಣೆಗೆ ಹೋಗುತ್ತಿದ್ದರು, ಎಲ್ಲ ಒಂದೇ ಸಲಕ್ಕೆ ತಿಳಿಯಿತು. ಸ್ನಾನ ಮುಗಿಸಿ ಬಂದವರು, ಏನಾಗಿತ್ತು ಅದಕ್ಕೆ ಅಂತ ಕೇಳಿದರು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಒಂದ್ ಪಕ್ಕ ಜಾಸ್ತಿ ಉಜ್ಬಿಟ್ಟಿದ್ದೆ ರೀ." ಅವರ ಮುಖ ಎಷ್ಟು ಹಗುರವಾಯಿತೆಂದರೆ, ಆಮೇಲೆ ಬೇರೆ ಉತ್ತರ ಕೊಡುವುದು ನನ್ನಿಂದ ಆಗಲೇ ಇಲ್ಲ.

ಸಂಸಾರ ಹಾಗೆ ನಡೆಯಿತು. ಇವರು ಬೈಯುವುದು, ನಾನು ಒಪ್ಪಿಕೊಳ್ಳುವುದು. ತುದಿಯ ತಪ್ಪಾಗಿರುವವರೆಗೆ ಇವರು ವಾಚ್ ರಿಪೇರಿಯವರು; ಅದು ಕೈಯ ತಪ್ಪಾದ ದಿನ ಇವರು ಏನೂ ಅಲ್ಲ. ಇದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಸರಿಯಾಗಿರುವ ತುದಿಯನ್ನು ಮತ್ತೆ ಮತ್ತೆ ಉಜ್ಜಿದರೆ ಬ್ಲೇಡು ಸುಮ್ಮನೆ ಸವೆದು ಮೊಂಡಾಗುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಒಂದು ಹಳೇ ಮೊಳೆಯನ್ನು ಕಲ್ಲಿನ ಮೇಲೆ ಉಜ್ಜುತ್ತಿದ್ದೆ. ಕಲ್ಲಿನ ಸದ್ದು ಹಾಲಿನಲ್ಲಿ ಪೇಪರ್ ಓದುತ್ತಾ ಕೂತವರಿಗೆ ಕೇಳಬೇಕಿತ್ತು, ಅಷ್ಟೇ. ಸದ್ದು ಕೇಳಿದ ದಿನ ಇವರು ಸಮಾಧಾನವಾಗಿ ಅಂಗಡಿಗೆ ಹೊರಡುತ್ತಿದ್ದರು. ಒಂದೊಂದು ದಿನ ಆ ಮೊಳೆಯನ್ನು ಕಿಟಕಿಯಿಂದಾಚೆ ಎಸೆದು ಕೂಗಾಡಬೇಕು ಅನ್ನಿಸುತ್ತಿತ್ತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನೇ, ನನ್ನ ಮಂಡಿನೋವಿನ ನೆಪ ಹೇಳಿ. ಡಾಕ್ಟರು ನನ್ನ ಮಂಡಿ ಬಿಟ್ಟು ಇವರ ಕೈಯನ್ನೇ ನೋಡಿದರು. ಎಷ್ಟು ದಿನದಿಂದ ನಡುಗುತ್ತಿದೆ, ಕೆಲಸ ಮಾಡುವಾಗ ತೊಂದರೆ ಇದೆಯೇ ಎಂದು ಕೇಳಿದರು. ಇವರು ನೆಟ್ಟಗೆ ಕೂತು, "ಕೈಗೇನಿಲ್ಲ ಡಾಕ್ಟ್ರೇ. ಇವಳು ಸ್ಕ್ರೂಡ್ರೈವರ್ ಸರಿಯಾಗಿ ಉಜ್ಜಲ್ಲ" ಅಂದರು. ಡಾಕ್ಟರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಮಾತ್ರೆ ಬರೆದುಕೊಟ್ಟರು, ಇದು ಕಡಿಮೆಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಅಂದರು. ಆ ಕಾಯಿಲೆಯ ಹೆಸರನ್ನು ನಾವು ಮನೆಯಲ್ಲಿ ಒಮ್ಮೆಯೂ ಎತ್ತಲಿಲ್ಲ. ಮಾತ್ರೆಯನ್ನು ಶಕ್ತಿಗೆ ಅಂತ ನುಂಗುತ್ತಿದ್ದರು.

ಮಗಳು ಬಂದಾಗಲೆಲ್ಲ ಜಗಳ. ಅಪ್ಪನನ್ನು ಮನೆಯಲ್ಲಿ ಕೂರಿಸು, ಬಳ್ಳಾರಿ ರಸ್ತೆ ದಾಟುವುದನ್ನು ನೋಡಿದರೆ ಎದೆ ಒಡೆಯುತ್ತದೆ ಎನ್ನುತ್ತಿದ್ದಳು. ಅವಳು ಹೇಳುವುದು ಸುಳ್ಳಲ್ಲ. ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋದಮೇಲೆ ಆ ರಸ್ತೆಯಲ್ಲಿ ಕಾರುಗಳು ಯಾರಿಗೂ ನಿಲ್ಲುವುದಿಲ್ಲ. ಇವರ ಕಾಲೂ ಹೆಜ್ಜೆ ಎತ್ತಿಡಲು ಮೀನಮೇಷ ಎಣಿಸುತ್ತಿತ್ತು. ಕೊನೆಗೆ ನಾನೇ ಜೊತೆಗೆ ಹೋಗತೊಡಗಿದೆ. ಕೈ ಹಿಡಿದರೆ ಅವಮಾನ ಅಂತ, ಊಟದ ಬುಟ್ಟಿಯ ಒಂದು ಹಿಡಿ ಅವರಿಗೆ ಕೊಟ್ಟು ಇನ್ನೊಂದು ಹಿಡಿ ನಾನು ಹಿಡಿದು ದಾಟಿಸಿ, ಸಂಜೆಯವರೆಗೆ ಅಂಗಡಿಯಲ್ಲೇ ಇರುತ್ತಿದ್ದೆ. ಮನೆಯಲ್ಲಿ ಕೂರಿಸಿ ಏನು ಮಾಡಲಿ? ಗೋಡೆ ನೋಡಿಕೊಂಡು ಕೂತ ಗಂಡನನ್ನು ನೋಡುವ ಧೈರ್ಯ ನನಗಿರಲಿಲ್ಲ. ಮಗಳಿಗೆ ಅದನ್ನು ಹೇಳದೆ, ನಿನ್ನ ಮನೆ ನೀನು ನೋಡಿಕೋ ಅಂತ ಬೈದು ಕಳಿಸಿದೆ.

ಬರಬರುತ್ತಾ ಕೆಲಸ ಕಡಿಮೆಯಾಯಿತು. ಸೆಲ್ ಬದಲಾಯಿಸುವುದು, ಬೆಲ್ಟು ಹಾಕುವುದು, ಅದೂ ಹೊತ್ತು ಹಿಡಿಯುತ್ತಿತ್ತು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು ಮೇಜಿಗೆ ಒತ್ತಿಕೊಂಡು ಕೆಲಸ ಮಾಡುವುದನ್ನು ಕಲಿತರು. ಮುಚ್ಚಳದ ಮೇಲೆ ಗೀರು ಬಿದ್ದರೆ ಗಿರಾಕಿಗೆ ನನ್ನ ಕಡೆ ಬೆರಳು ತೋರಿಸುತ್ತಿದ್ದರು. ಬಳೆ ಅಂಗಡಿಯಾಕೆ, ಮೆಡಿಕಲ್ ಸ್ಟೋರಿನವನು, ಎಲ್ಲರಿಗೂ ಈ ಕತೆ ಬಾಯಿಪಾಠ. ನನ್ನನ್ನು ಕಂಡರೆ ಅಯ್ಯೋ ಪಾಪ ಎನ್ನುತ್ತಿದ್ದರು, ಅದೂ ನನ್ನ ಗಂಡನಿಗೆ, ನನಗಲ್ಲ.

ಗಿರಾಕಿಗಳಲ್ಲಿ ಒಬ್ಬರು ಮಾತ್ರ ಬಿಡದೆ ಬರುತ್ತಿದ್ದರು. ಮತ್ತಿಕೆರೆಯ ನಿವೃತ್ತ ಬಸ್ ಡ್ರೈವರು. ದಿನವೂ ಕೀ ಕೊಡಬೇಕಾದ ಹಳೆಯ ವಾಚೊಂದು ಅವರ ಕೈಯಲ್ಲಿತ್ತು. ಡ್ಯೂಟಿಯಲ್ಲಿದ್ದ ಅಷ್ಟೂ ಕಾಲ ಅದನ್ನೇ ನೋಡಿ ಬಸ್ಸು ತೆಗೆದವರು. ವರ್ಷಕ್ಕೊಮ್ಮೆ ಬಿಚ್ಚಿ ಎಣ್ಣೆ ಹಾಕಿಸಲು ತರುತ್ತಿದ್ದರು, ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಕೆಲಸ ಮುಗಿಯುವವರೆಗೆ ನೋಡುತ್ತಾ, ನನ್ನನ್ನು ಚುಡಾಯಿಸುವುದು ಅವರ ಅಭ್ಯಾಸ. ಸಾರಿಗೆ ಉಪ್ಪು ಹಾಕುವುದನ್ನೂ ಹೀಗೇ ಮರೆಯುತ್ತೀಯೇನಮ್ಮಾ ಎನ್ನುವರು. ನಾನೂ ನಗುತ್ತಿದ್ದೆ.

ಒಂದು ವರ್ಷ ಹಾಗೇ ಒಂದು ಮಧ್ಯಾಹ್ನ ಬಂದು ಕೂತರು. ಇವತ್ತಾದರೂ ನೆಟ್ಟಗೆ ಉಜ್ಜಿದ್ದೀಯೇನಮ್ಮಾ ಅಂದರು. ಉಜ್ಜಿದ್ದೆ. ಅವರು ಬರುವುದು ಗೊತ್ತಿದ್ದರಿಂದ ಆ ದಿನ ಮೊಳೆಯನ್ನಲ್ಲ, ನಿಜವಾಗಿ ತುದಿಗಳನ್ನೇ ಉಜ್ಜಿ, ಬಟ್ಟೆಯಲ್ಲಿ ಒರೆಸಿ ತಂದಿದ್ದೆ. ಇವರು ಮುಚ್ಚಳ ತೆಗೆದರು. ಒಳಗೆ ವಾಚು ಚೆನ್ನಾಗಿ ಓಡುತ್ತಿತ್ತು. ಸಣ್ಣ ಚಕ್ರ ಅತ್ತ ಇತ್ತ ತಿರುಗುತ್ತಿದೆ, ಅದರ ನಡುವೆ ಕೂದಲಿನಂಥ ಸ್ಪ್ರಿಂಗು ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುತ್ತಿದೆ. ಅದರ ಪಕ್ಕದ ಸ್ಕ್ರೂಗೆ ಇವರು ತುದಿ ಇಟ್ಟರು. ತುದಿ ಗೀರಿನಲ್ಲಿ ಕೂತಿತು. ಆಮೇಲೆ ಇಡೀ ಕೈ ಒಮ್ಮೆ ಎಗರಿತು. ಸ್ಪ್ರಿಂಗು ಸ್ವೆಟರಿನ ಎಳೆ ಕಿತ್ತ ಹಾಗೆ ಮೇಲೆದ್ದು ಬಂತು, ಚಕ್ರ ನಿಂತುಹೋಯಿತು.

ಯಾರೂ ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಿದ್ದೆ. ನನ್ನದೇ ತಪ್ಪು, ಬೆಳಿಗ್ಗೆ ಅವಸರದಲ್ಲಿ ಉಜ್ಜಿದೆ, ಒಂದು ಪಕ್ಕ ಹೆಚ್ಚಾಯಿತು ಅಂದೆ. ಡ್ರೈವರ ಮುಖದಲ್ಲಿ ತಮಾಷೆ ಇರಲಿಲ್ಲ. ಬಾರದ ಕೆಲಸಕ್ಕೆ ಯಾಕೆ ಕೈ ಹಾಕುತ್ತೀಯ, ಇಂಥ ಕೆಲಸಗಾರನನ್ನು ಬೀದಿಪಾಲು ಮಾಡುತ್ತಿದ್ದೀಯಲ್ಲ ಎಂದರು. ನಾನು ತಲೆ ತಗ್ಗಿಸಿ ನಿಂತೆ, ಇನ್ನಷ್ಟು ಅನ್ನಲಿ ಅಂತಲೇ ಕಾದೆ.

ಇವರು ಕಣ್ಣಿನಿಂದ ಲೆನ್ಸು ತೆಗೆದು ಮೇಜಿನ ಮೇಲಿಟ್ಟರು.

"ಅವಳನ್ನ ಏನೂ ಅನ್ಬೇಡಿ. ತುದಿ ಚೆನ್ನಾಗಿದೆ. ಯಾವತ್ತೂ ಚೆನ್ನಾಗೇ ಇತ್ತು."

ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ನಾನು ಹಿಡಿದು ನಿಲ್ಲಿಸಿದ್ದನ್ನು, ಮೂರನೆಯವರ ಎದುರು, ನನ್ನನ್ನು ಒಂದು ಮಾತು ಕೇಳದೆ ಕೆಡವಿಬಿಟ್ಟರಲ್ಲ ಅನ್ನಿಸಿತು. ಸುಮ್ಮನಿರಿ, ನಿಮಗೇನು ಗೊತ್ತು, ತುದಿ ವಾರೆಯಾಗಿತ್ತು, ನಾನೇ ನೋಡಿದ್ದೇನೆ ಎಂದು ಗದರಿದೆ. ನನ್ನ ದನಿ ಬಳೆ ಅಂಗಡಿ ದಾಟಿ ರಸ್ತೆಯವರೆಗೂ ಕೇಳಿರಬೇಕು. ಬೈಯಿರಿ, ಎಂದಿನ ಹಾಗೆ ನನ್ನನ್ನೇ ಬೈಯಿರಿ ಅಂತ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ.

ಇವರು ಆ ಸ್ಕ್ರೂಡ್ರೈವರನ್ನು ನನ್ನ ಕಡೆ ಚಾಚಿದರು. ಅದು ಅವರ ಕೈಯಲ್ಲಿ ನಡುಗುತ್ತಿತ್ತು. ಮೊದಲ ಸಲ ಆ ನಡುಕವನ್ನು ಮುಚ್ಚಿಡಲು ಅವರು ಏನೂ ಮಾಡಲಿಲ್ಲ.

"ಉಜ್ಜಿದೋಳು ನೀನು. ನೀನೇ ಹೇಳು, ತುದಿ ಕೆಟ್ಟಿತ್ತಾ?"

ಹಾಗೆ ಅವರು ನನ್ನನ್ನು ಎಂದೂ ಕೇಳಿರಲಿಲ್ಲ. ಹೆಂಡತಿಯನ್ನು ಕೇಳಿದ ಹಾಗಿರಲಿಲ್ಲ, ಕೆಲಸ ಗೊತ್ತಿದ್ದವರನ್ನು ಕೇಳಿದ ಹಾಗಿತ್ತು. ಸುಳ್ಳು ಹೇಳಲು ಬಾಯಿ ತೆರೆದೆ. ಡ್ರೈವರು ಎದ್ದು ನಿಂತು ಇಬ್ಬರನ್ನೂ ನೋಡುತ್ತಿದ್ದರು.

"ಇಲ್ಲ ರೀ" ಅಂದೆ. "ಸರಿಯಾಗೇ ಇತ್ತು."

ಇವರು ಹೂಂ ಅಂದರು. ವಾಚನ್ನೂ ಬಿಚ್ಚಿದ ಮುಚ್ಚಳವನ್ನೂ ಒಂದು ಕಾಗದದಲ್ಲಿ ಕಟ್ಟಲು ಹೋದರು, ಆಗಲಿಲ್ಲ, ನಾನು ಕಟ್ಟಿಕೊಟ್ಟೆ. ಡ್ರೈವರು ಅದನ್ನು ಜೇಬಿಗೆ ಹಾಕಿಕೊಂಡು, ಇವರ ಭುಜದ ಮೇಲೆ ಕೈಯಿಟ್ಟು ಹೋದರು. ಹೊರಗೆ ಇನ್ನೂ ಮೂರು ಗಂಟೆಯ ಬಿಸಿಲು. ಇವರು ಕೈ ಚಾಚಿ ಮೇಜಿನ ದೀಪ ಆರಿಸಿದರು. ಮತ್ತೆಂದೂ ಅದನ್ನು ಹಚ್ಚಲಿಲ್ಲ.