ತಿಪ್ಪವ್ವನ ವಿಮಾನ

ಬೆಟಗೇರಿಯ ನೇಕಾರರ ಓಣಿಯ ತಿಪ್ಪವ್ವ ವಿಮಾನವನ್ನು ಆಕಾಶದಲ್ಲೂ ಸರಿಯಾಗಿ ನೋಡಿದವಳಲ್ಲ. ಗದಗ ಮೈಸೂರು ರಾಜ್ಯ ಸೇರಿದ ವರ್ಷ ಅವಳಿಗೆ ಮುಂಬಯಿಯಿಂದ ದಿಲ್ಲಿಗೆ ಹೋಗುವ ವಿಮಾನದ ಟಿಕೆಟ್ಟೇ ಬಂತು. ದಿಲ್ಲಿಯಲ್ಲಿದ್ದ ಬಸುರಿ ಮಗಳು ಮಂಜವ್ವ ಪ್ರಯಾಣ ಮಾಡಕೂಡದೆಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ಅತ್ತೆಯನ್ನೇ ಕರೆಸಿಕೊಳ್ಳಲು ಅಳಿಯ ಕಳಿಸಿದ್ದ.

ಉಡಿ ತುಂಬಿಸಿಕೊಂಡು, ಗಂಟು ಹಿಡಿದು ಅವಳು ಹೊಸ್ತಿಲು ದಾಟಿದ್ದೇ ತಡ, ಅಳಿಯನ ತಂತಿ ಬಂತು: ವಿಮಾನ ರದ್ದಾಗಿದೆ, ಮುಂದಿನ ಸುದ್ದಿಗೆ ಕಾಯಿರಿ.

"ಒಳಗ ಬಾ" ಎಂದ ಗಂಡ ಹುಲಗಪ್ಪ.

"ಉಡಿ ತುಂಬಿಸ್ಕೊಂಡು ಹೊಂಟಾಕಿ ತಿರುಗಿ ಒಳಗ ಬರಬಾರದ್ರಿ. ಮಗಳಿಗೆ ಏನರ ಆದ್ರ?" ಎಂದವಳೇ ತಿಪ್ಪವ್ವ ಎದುರುಮನೆ ದಾವಲಬಿಯ ಕಟ್ಟೆಯ ಮೇಲೆ ಕುಳಿತಳು.

ಮರುದಿನವೂ ಅಲ್ಲೇ. ದಾವಲಬಿ ಕೊಟ್ಟ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟಳು. ಸೈಕಲ್ ಗಂಟೆ ಕೇಳಿದರೆ ತಂತಿಯವನೇ ಬಂದನೆಂದು ಎದ್ದು ನಿಲ್ಲುವಳು. ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಗಳನ್ನು ಬಿಚ್ಚಿ ನೋಡುವಳು, ಮತ್ತೆ ಕಟ್ಟುವಳು. ರೈಲಿನಲ್ಲೇ ಹೋಗುತ್ತೇನೆಂದರೆ ಹುಲಗಪ್ಪ, "ತಡಿ, ವಿಮಾನದ ಖಬರ ಬರಲಿ" ಎಂದು ತಡೆಯುವನು.

ಮೂರನೆಯ ದಿನ ಮತ್ತೊಂದು ತಂತಿ ಬಂತು. ಓಣಿಯ ಮಾಸ್ತರರು ಓದಿ ಹೇಳಿದರು. ಹುಲಗಪ್ಪ ಬಾಗಿಲಲ್ಲೇ ನಿಂತು ಕೂಗಿದ: "ಗಂಡು ಕೂಸು! ತಾಯಿ, ಮಗ ಇಬ್ರೂ ಅರಾಮ ಅದಾರ. ಇನ್ನರ ಒಳಗ ಬಾ!"

ತಿಪ್ಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಟನ್ನು ಕಂಕುಳಿಗೇರಿಸಿ ಸ್ಟೇಶನ್ನಿನ ಕಡೆ ಹೊರಟಳು.

"ಮತ್ತ ಎಲ್ಲಿಗೆ?"

"ದಿಲ್ಲಿಗೆ, ರೈಲಿನ್ಯಾಗ. ಬಾಣಂತನ ನಿಮ್ಮ ವಿಮಾನ ಮಾಡತೈತೇನ್ರಿ?"