ಹಸನಸಾಬರ ಬಂದೂಕು

ರೋಣದಲ್ಲಿ ಗಜೇಂದ್ರಗಡದ ಬಸ್ಸಿಗೆ ಇನ್ನೂ ಹೊತ್ತಿತ್ತು. ನೆರಳಿದೆಯೆಂದು ತಹಶೀಲ್ದಾರ ಕಚೇರಿಯ ಕಟ್ಟೆಯ ಮೇಲೆ ಕೂತೆ. ಒಳಗೆ ಹೊಸ ಕಂಪ್ಯೂಟರಿಗೆ ಕರೆಂಟು ಬರಲೆಂದು ಜನ ಕಾಯುತ್ತಿದ್ದರು. ಪಕ್ಕದಲ್ಲಿದ್ದ ಮುದುಕರ ತೊಡೆಯ ಮೇಲೆ ಹಳೇ ಧೋತರದಲ್ಲಿ ಸುತ್ತಿದ ಬಂದೂಕು. ಅವರು ನರೇಗಲ್ಲಿನ ರೈತ ಹಸನಸಾಬರು; ಅದರ ಲೈಸೆನ್ಸು ಹೊಸದು ಮಾಡಿಸಲು ಬಂದಿದ್ದರು. ಬೇಟೆಗಾರರನ್ನು ಕಂಡರೆ ನನಗೆ ಆಗದು.

"ಕೆರೆಯ ಹಕ್ಕಿ ಹೊಡೀತೀರೇನು?" ಎಂದು ಸಿಡುಕಿಯೇ ಕೇಳಿದೆ.

"ಮೊದಲ ಹೊಡೀತಿದ್ದೆರಿ. ಈಗ ಬಿಟ್ಟೇನಿ. ಕಾಯ್ದೆಕ್ಕ ಅಂಜಿ ಅಲ್ಲ ಮತ್ತ."

ಹೊಡೆದ ಹಕ್ಕಿಯ ಹೊಟ್ಟೆ ಸೀಳಿ, ಒಳಗಿನ ಕಾಳು ನೋಡಿ, ಅದು ಯಾರ ಹೊಲದಲ್ಲಿ ಮೇಯುತ್ತದೆಂದು ತಿಳಿಯುವುದು ಅವರ ಪದ್ಧತಿ. ಒಮ್ಮೆ ಕೆರೆಯ ದಂಡೆಯಲ್ಲಿ, ಮೈಮೇಲೆ ಗಾಯವೇ ಇಲ್ಲದೆ ಕುತ್ತಿಗೆ ಚೆಲ್ಲಿ ಸತ್ತ ಕಾಡುಬಾತು ಸಿಕ್ಕಿತಂತೆ. ರೂಢಿಯಂತೆ ಅದನ್ನೂ ಸೀಳಿದರು.

"ಕಾಳಿನ ಜೋಡಿ ಸೀಸದ ಗುಂಡ ಇದ್ದುವ್ರಿ. ಸವದು ಸವದು ಮೆಣಸಿನಕಾಳಿಗಿಂತ ಸಣ್ಣ ಆಗಿದ್ದುವು. ಗುರಿ ತಪ್ಪಿ ಕೆರಿಗೆ ಬಿದ್ದದ್ದನ್ನ ಕಾಳ ಅರೀಲಿಕ್ಕೆ ಹಕ್ಕಿ ನುಂಗೂ ಹರಳ ಅಂತ ತಿಳದು ನುಂಗಿತ್ತು, ವಿಷ ಆತು. ಆ ಕೆರ್ಯಾಗ ಬಂದೂಕ ಹಾರಸಾಂವ ನಾ ಒಬ್ಬನ."

"ಹಾಗಾದರೆ ಇದನ್ನು ಕಚೇರಿಗೆ ಒಪ್ಪಿಸಿಬಿಡಬಾರದೇ? ಯಾಕೆ ಹೊತ್ತು ತಿರುಗುತ್ತೀರಿ?" ಅಂದೆ.

ಸಾಬರು ಧೋತರ ಸರಿಸಿದರು. ಎಣ್ಣೆ ಹಚ್ಚಿ ಒರೆಸಿದ ನಳಿಗೆ ಫಳಫಳ ಹೊಳೆಯಿತು.

"ಬಂದೂಕನ ಇಲ್ಲದಾಂವ ನಾ ಹಕ್ಕಿ ಹೊಡಿಯೂದಿಲ್ಲ ಅಂದ್ರ, ಅದರಾಗೇನ ದೊಡ್ಡಸ್ತಿಕಿರಿ?"